ಪುಸ್ತಕ ಕೊರೆದು ಗುಪ್ತ ಪೆಟ್ಟಿಗೆ ಮಾಡಿದೆ, ಈಗ ಮುಚ್ಚೋಕೇ ಆಗ್ತಿಲ್ಲ

ದುರ್ಗದ_ಹುಡುಗ: ಮೂರು ರಾತ್ರಿ ದಂಡವಾಯ್ತು. ರದ್ದಿ ಅಂಗಡಿಯಿಂದ ದಪ್ಪ ಪುಸ್ತಕ ತಂದು, ಸುತ್ತ ಎರಡು ಸೆಂ.ಮೀ. ಅಂಚು ಬಿಟ್ಟು ಕೊರೆದೆ. ಹಾಳೆ ಬಿಚ್ಚದಿರಲಿ ಅಂತ ಅಂಚಿಗೆ ಗೋಂದೂ ಬಳಿದೆ. ಈಗ ಹಪ್ಪಳದ ಹಾಗೆ ಸೊಟ್ಟಗಾಗಿದೆ. ಮೇಲಿನ ರಟ್ಟು ಒಂದು ಬೆರಳು ಎತ್ತರ ನಿಲ್ಲುತ್ತದೆ. ಎಲ್ಲ ಸರಿಯಾಗೇ ಮಾಡಿದ್ದೇನೆ!

ಮಂಡಕ್ಕಿ_ದಾವಣಗೆರೆ: ಬ್ಲೇಡ್. ನೂರಕ್ಕೆ ನೂರು ಬ್ಲೇಡ್. ಕಟರ್‌ಗೆ 9 ಮಿ.ಮೀ. ಅಗಲದ್ದು ಹಾಕಿದ್ರಾ, 18ರದ್ದು ಹಾಕಿದ್ರಾ? ಸಣ್ಣದು ಬಾಗುತ್ತದೆ, ಕೆಳಗೆ ಹೋದಂತೆ ತೂತು ಕಿರಿದಾಗುತ್ತದೆ. ಒಂದು ಸಲಕ್ಕೆ ಹತ್ತು ಹಾಳೆ ಸಾಕು, ತುದಿ ಮೊಂಡಾದ ತಕ್ಷಣ ಮುರಿದು ಬಿಸಾಕಿ.

ದುರ್ಗದ_ಹುಡುಗ: ತೂತು ನೆಟ್ಟಗೇ ಇದೆ ಸಾರ್. ಸೊಟ್ಟ ಯಾಕಾಯ್ತು ಅಂತ ಕೇಳಿದ್ದು.

ಮಂಡಕ್ಕಿ_ದಾವಣಗೆರೆ: ಬ್ಲೇಡಿನ ಫೋಟೋ ಹಾಕಿ, ಹೇಳುತ್ತೇನೆ.

ಓದುಗೊರವ: ಸರಸ್ವತಿಗೆ ಚೂರಿ ಹಾಕೋಕೆ ಕೈ ಹೇಗೆ ಬಂತು? ಏಳು ಸುತ್ತಿನ ಕೋಟೆ ಇರುವ ಊರಲ್ಲಿ ದುಡ್ಡು ಬಚ್ಚಿಡಲು ಪುಸ್ತಕವೇ ಬೇಕಿತ್ತಾ?

ದುರ್ಗದ_ಹುಡುಗ: ಸರಸ್ವತಿ ಅಲ್ಲ ಮಾರಾಯ್ರೇ, ಬೋರ್‌ವೆಲ್ ಪಂಪಿನ ಹಳೇ ಕ್ಯಾಟಲಾಗ್. ಮಿರಿಮಿರಿ ಬಣ್ಣದ ಹಾಳೆ.

ರಟ್ಟುಗಾರ: ಮಿರಿಮಿರಿ ಹಾಳೆನಾ? ಅದನ್ನ ಮೊದಲೇ ಹೇಳಬಾರದಾ! ಆ ಹೊಳಪು ಜೇಡಿಮಣ್ಣಿನ ಥರದ ಲೇಪ. ಗೋಂದು ಸರಿಯಾಗಿ ಇಳಿಯಲ್ಲ, ನೀರು ಮಾತ್ರ ಕೊರೆದ ಅಂಚಿನಿಂದ ಒಳಗೆ ನುಗ್ಗುತ್ತದೆ. ಎಷ್ಟು ನೀರು ಬೆರೆಸಿದ್ರಿ? ತೂಕ ಇಟ್ಟಿದ್ರಾ?

ದುರ್ಗದ_ಹುಡುಗ: ಅರ್ಧಕ್ಕರ್ಧ ನೀರು. ತೂಕ ಅಂದ್ರೆ? ಬೇಗ ಒಣಗಲಿ ಅಂತ ಟೆರೇಸ್ ಮೇಲೆ ಬಿಸಿಲಿಗೆ ಇಟ್ಟೆ, ಅಷ್ಟೇ.

ರಟ್ಟುಗಾರ: ಸಿಕ್ತು ನೋಡಿ. ಒದ್ದೆ ಕಾಗದ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ನಿಮ್ಮೂರ ಬಿಸಿಲು, ಗಾಳಿಗೆ ಮೇಲಿನ ಹಾಳೆ ಮೊದಲು ಕುಗ್ಗಿ ಉಳಿದದ್ದನ್ನೆಲ್ಲ ಎಳೆದಿದೆ. ಅದನ್ನ ಮತ್ತೆ ನೆನೆಸಬೇಡಿ, ಹಾಳೆಗಳು ಕಚ್ಚಿಕೊಂಡು ಇಟ್ಟಿಗೆ ಆಗುತ್ತವೆ. ಹೊಸದಾದರೆ ಒರಟು ಹಾಳೆಯದು ತನ್ನಿ. ಮೂರು ಪಾಲು ಗೋಂದಿಗೆ ಒಂದು ಪಾಲು ನೀರು, ಜಾಸ್ತಿ ಬೇಡ. ರಟ್ಟಿಗೂ ಹಾಳೆಗೂ ಮಧ್ಯೆ ಹಾಲಿನ ಪ್ಯಾಕೆಟ್ ಕವರ್ ಬಿಚ್ಚಿ ಹಾಕಿ, ಇಲ್ಲಾಂದ್ರೆ ಮುಚ್ಚಳವೂ ಅಂಟುತ್ತದೆ. ಮೇಲೆ ರುಬ್ಬುಗುಂಡು ಹೇರಿ ಒಂದು ದಿನ ನೆರಳಲ್ಲಿ ಬಿಡಿ. ನಡುವೆ ಎತ್ತಿ ನೋಡಬಾರದು.

ಮಂಡಕ್ಕಿ_ದಾವಣಗೆರೆ: ಇಷ್ಟೆಲ್ಲ ಯಾಕೆ? ನಮ್ಮ ಶೆಡ್ಡಲ್ಲಿ ಡ್ರಿಲ್ ಪ್ರೆಸ್ ಇದೆ. ಎರಡು ಹಲಗೆ ಮಧ್ಯೆ ಹಾಳೆಗಳನ್ನ ಬಿಗಿದು ಮೂಲೆಗೆ ತೂತು ಹೊಡೆದು, ಗರಗಸದ ಅಲಗು ತೂರಿಸಿ ಕೊಯ್ದರೆ ಕಾಲು ಗಂಟೆ ಕೆಲಸ. ಹೊಸ ಬೆಂಚ್ ವೈಸ್ ಕೂಡ ಬಂತು, ಫೋಟೋ ಹಾಕಲಾ?

ಓದುಗೊರವ: ನಿಮ್ಮ ಬ್ಲೇಡ್ ಎಲ್ಲಿ ಹೋಯ್ತು?

ದುರ್ಗದ_ಹುಡುಗ: ರದ್ದಿ ಅಂಗಡಿಗೆ ಹೊರಟೆ. ಅಲ್ಲೊಂದು ದಪ್ಪ ನಿಘಂಟು ನೋಡಿದ್ದೆ, ಹಾಳೆ ಒರಟಾಗೇ ಇತ್ತು.

ಓದುಗೊರವ: ನಿಘಂಟಾ? ಅದನ್ನ ಮುಟ್ಟಬೇಡಿ. ಅಂಗಡಿ ಎಲ್ಲಿ ಅಂತ ಹೇಳಿ, ನಾನೇ ಬಂದು ತಗೊಳ್ಳುತ್ತೇನೆ.