ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡಬೇಡ, ಪುಟ್ಟಿ

ಎಲ್ಲರಿಗೂ ಶರಣು. ತಂಗಿ, ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಬೆಳಗ್ಗೆ ನೋಡಿದೆ. ಪುಟ್ಟಿ ಆಫೀಸಿನ ಆರು ಜನರ ಜೊತೆ ಒಂದು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದಾಳೆ, ಅವಳ ಥೈರಾಯ್ಡ್ ಮಾತ್ರೆ ವರ್ಷಕ್ಕಾಗುವಷ್ಟು ಒಟ್ಟಿಗೇ ಕಟ್ಟಿ ಕೊಡಲಾ, ಇನ್ನೇನು ತಯಾರಿ ಬೇಕು, ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. ಕೊನೆಗೆ ಇನ್ನೊಂದು ಸಾಲು ಇದೆ. ಟೀಮ್ ಲೀಡರ್ ಒಳ್ಳೆಯ ಹುಡುಗ, ಎಲ್ಲರ ಪಾಸ್‌ಪೋರ್ಟ್ ತಾನೇ ಜೋಪಾನವಾಗಿ ಇಟ್ಟುಕೊಳ್ಳುತ್ತಾನಂತೆ, ಅದೊಂದು ಸಮಾಧಾನ ಅಂತ. ಆ ಸಾಲು ಓದಿದ ಮೇಲೆ ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಟೈಪ್ ಮಾಡಲು ಕಣ್ಣು ಸಾಲದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡಿ.

ಪುಟ್ಟಿ, ನೀನೇ ಕೇಳಿಸಿಕೋ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡ. ಲೀಡರ್ ಇರಲಿ, ಮ್ಯಾನೇಜರ್ ಇರಲಿ, ಮನೆ ಮಾಲೀಕ ಇರಲಿ. ಎಷ್ಟೇ ಒಳ್ಳೆಯವರಿರಲಿ, ಕೊಡಬೇಡ.

ನಾನು ಮಸ್ಕತ್‌ಗೆ ಹೋಗಿದ್ದು 1986ರಲ್ಲಿ. ಅದು ಎಲ್ಲರಿಗೂ ಗೊತ್ತಿದೆ. ಹುಬ್ಬಳ್ಳಿಯಿಂದ ಐದು ಜನ ನರ್ಸ್‌ಗಳು, ಒಂದು ವರ್ಷದ ಕರಾರು. ನಮ್ಮದೂ ತಂಡವೇ. ದುರ್ಗದ ಬೈಲಿಗೆ ಒಟ್ಟಿಗೆ ಹೋಗಿ ಸಾಮಾನು ತಂದೆವು. ಒಬ್ಬಳು ಕಡಕ್ ರೊಟ್ಟಿ, ಒಬ್ಬಳು ಶೇಂಗಾ ಚಟ್ನಿ, ಒಬ್ಬಳು ಗುರೆಳ್ಳು ಪುಡಿ ಅಂತ ಮೊದಲೇ ಹಂಚಿಕೊಂಡೆವು. ಬಟ್ಟೆ ಎಷ್ಟು, ಹಾಸಿಗೆ ಎಷ್ಟು ಅಂತ ಚೀಟಿ ಬರೆದೆವು. ತಯಾರಿ ಅಂದರೆ ಅಷ್ಟೇ ಅಂದುಕೊಂಡಿದ್ದೆವು. ಕಾಗದಪತ್ರ ಯಾರ ಹತ್ತಿರ ಇರಬೇಕು ಅಂತ ಒಬ್ಬರೂ ಒಂದು ಮಾತು ಆಡಲಿಲ್ಲ.

ಅಲ್ಲಿ ಇಳಿದ ಎರಡನೇ ದಿನ ನಮ್ಮ ಹಿರಿಯ ಸಿಸ್ಟರ್ ಐದೂ ಪಾಸ್‌ಪೋರ್ಟ್ ತೆಗೆದುಕೊಂಡರು. ಕ್ವಾರ್ಟರ್ಸ್‌ನಲ್ಲಿ ಕಳ್ಳತನ ಆದರೆ ಏನು ಗತಿ, ಆಫೀಸಿನ ತಿಜೋರಿಯಲ್ಲಿ ಇರಲಿ ಅಂದರು. ರಬ್ಬರ್ ಬ್ಯಾಂಡ್ ಹಾಕಿ ಒಯ್ದು ಕೊಟ್ಟರು. ನಾವು ಒಂದು ರಸೀದಿ ಕೂಡ ಕೇಳಲಿಲ್ಲ. ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಗಂಜಿ ಕಾಸಿ ಕುಡಿಸಿದವರು. ಕೆಟ್ಟವರಾಗಿದ್ದರೆ ನಾನು ಕೊಡುತ್ತಲೇ ಇರಲಿಲ್ಲ, ಅಲ್ವಾ?

ಆಗಸ್ಟ್ ತಿಂಗಳು. ಇಲ್ಲಿ ಪಂಚಮಿ ಮುಗಿದಿತ್ತು, ಅಲ್ಲಿ ಬಕ್ರೀದ್ ರಜೆ ಶುರು. ಟೆಲಿಗ್ರಾಂ ಬಂತು. ಅಪ್ಪಗೆ ಸೀರಿಯಸ್, ಕೂಡಲೇ ಹೊರಡು ಅಂತ. ರಜೆ ಆಗಲೇ ಮಂಜೂರು ಮಾಡಿದರು. ಬಾಂಬೆ ವಿಮಾನದಲ್ಲಿ ಸೀಟು ಇತ್ತು. ಮೂರು ಗಂಟೆಯೊಳಗೆ ಬಾಂಬೆ, ಅಲ್ಲಿಂದ ರಾತ್ರಿ ಬಸ್ಸು ಹಿಡಿದರೆ ಮರುದಿನ ಹಾವೇರಿ. ಆದರೆ ಪಾಸ್‌ಪೋರ್ಟ್ ತಿಜೋರಿಯಲ್ಲಿ. ತಿಜೋರಿಯ ಕೀಲಿ ಆಫೀಸಿನ ಒಬ್ಬರ ಜೇಬಿನಲ್ಲಿ. ಅವರು ಹಬ್ಬಕ್ಕೆ ಮನೆಮಂದಿಯನ್ನು ಕರೆದುಕೊಂಡು ಸಲಾಲಾಗೆ ಹೋಗಿದ್ದರು. ಆ ತಿಂಗಳಲ್ಲಿ ಸಲಾಲಾದಲ್ಲಿ ಮಳೆ, ಹಸಿರು. ಬಿಸಿಲು ತಾಳದೆ ಮಸ್ಕತ್‌ನವರು ಅಲ್ಲಿಗೇ ಹೋಗುತ್ತಾರೆ. ಸಾವಿರ ಕಿಲೋಮೀಟರ್ ದೂರ. ಮೊಬೈಲು ಇಲ್ಲದ ಕಾಲ.

ನಾಲ್ಕು ದಿನ ಆ ಆಫೀಸಿನ ಬಾಗಿಲ ಮುಂದೆ ಕೂತಿದ್ದೆ. ಹಿರಿಯ ಸಿಸ್ಟರ್ ನನ್ನ ಪಕ್ಕ ಕೂತು ಅಳುತ್ತಿದ್ದರು. ಅವರ ಅಳುವಿನಿಂದ ತಿಜೋರಿ ತೆರೆಯಲಿಲ್ಲ. ಕೀಲಿ ಬರುವ ಮೊದಲೇ ಎರಡನೇ ಟೆಲಿಗ್ರಾಂ ಬಂತು.

ತಂಗಿ, ಆಗ ನೀನು ಹತ್ತನೇ ಕ್ಲಾಸು. ಅಪ್ಪನ ಕಾಲ ಹತ್ತಿರ ಕೂತಿದ್ದವಳು ನೀನೇ. ಬಸ್ಸಿನ ಸಪ್ಪಳ ಆದಾಗೆಲ್ಲ ಬಂದಳಾ ಅಂತ ಕೇಳುತ್ತಿದ್ದರು ಅಂತ ನೀನೇ ಹೇಳಿದ್ದೆ. ನಾನು ಬರುವ ಹೊತ್ತಿಗೆ ಮಣ್ಣು ಕೊಟ್ಟು ಮೂರು ದಿನ ಆಗಿತ್ತು. ಹಸಿ ಮಣ್ಣು ಮುಟ್ಟಿ ವಾಪಸ್ ಬಂದೆ. ನನ್ನ ಹೆಸರು, ನನ್ನ ಫೋಟೋ ಇರುವ ಪುಸ್ತಕ. ಅದು ನನ್ನ ಹತ್ತಿರ ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ ಪುಟ್ಟಿ, ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡ. ಕೇಳಿದರೆ ಸಂಕೋಚ ಪಡಬೇಡ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು ಅಂತ 1967ರ ಕಾಯ್ದೆಯಲ್ಲೇ ಇದೆ. ಅದನ್ನು ಇಟ್ಟುಕೊಳ್ಳುವ ಅಧಿಕಾರ ಟೀಮ್ ಲೀಡರ್‌ಗೆ ಯಾರೂ ಕೊಟ್ಟಿಲ್ಲ. ಪೊಲೀಸರು, ವೀಸಾ ಕಚೇರಿಯವರು ಕೇಳಿದರೆ ತೋರಿಸಬೇಕು, ಅದು ಬೇರೆ ಮಾತು. ಆ ಹುಡುಗನಿಗೆ ನಗುತ್ತಲೇ ಹೇಳು, ನಮ್ಮ ದೊಡ್ಡವ್ವ ಬೇಡ ಅಂದಿದ್ದಾರೆ ಅಂತ. ತಂಡ ಬೇಕು, ನಾನು ಬೇಡ ಅನ್ನುತ್ತಿಲ್ಲ. ನಿನ್ನದರ ಜೆರಾಕ್ಸ್ ಇನ್ನೊಬ್ಬಳ ಹತ್ತಿರ, ಅವಳದ್ದು ನಿನ್ನ ಹತ್ತಿರ ಇರಲಿ. ಒಂದು ಪ್ರತಿ ಅವ್ವನ ಹತ್ತಿರ ಇರಲಿ. ಮೂಲ ಮಾತ್ರ ನಿನ್ನ ಹತ್ತಿರವೇ. ಅಕಸ್ಮಾತ್ ಕಳೆದರೆ ಮ್ಯೂನಿಕ್‌ನಲ್ಲಿ ನಮ್ಮ ದೇಶದ ಕಾನ್ಸುಲೇಟ್ ಇದೆ. ಜೆರಾಕ್ಸ್ ಇದ್ದರೆ ಅಲ್ಲಿ ಕೆಲಸ ಬೇಗ ಆಗುತ್ತದೆ.

ಈ ಮಾತು ಬಂದಾಗೆಲ್ಲ ನನಗೆ ಇನ್ನೊಂದು ನೆನಪಾಗುತ್ತದೆ. ಹೇಳಿಯೇ ಬಿಡುತ್ತೇನೆ. ನಾನು ಹಾವೇರಿಗೆ ಬಂದ ದಿನ, ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ, ಪಡಸಾಲೆಯಲ್ಲಿ ಒಬ್ಬರು ಅಂದರು, ರೊಕ್ಕದ ಆಸೆ, ಅಪ್ಪಗಿಂತ ರೊಕ್ಕ ದೊಡ್ಡದಾಯಿತು ಅಂತ. ಯಾರು ಅಂತ ಹೆಸರು ಹೇಳುವುದಿಲ್ಲ. ಈ ಗ್ರೂಪಿನಲ್ಲೇ ಇದ್ದಾರೆ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನಂಬಲಿಲ್ಲ. ಪಾಸ್‌ಪೋರ್ಟ್ ತಿಜೋರಿಯಲ್ಲಿ ಇಡುತ್ತಾರೆ ಅಂದರೆ ಯಾರು ನಂಬುತ್ತಾರೆ ಅಂದರು. ಆ ರೊಕ್ಕ ಎಲ್ಲಿ ಹೋಯಿತು? ಹೊಲದ ಬೋರ್‌ವೆಲ್ ಅದರದ್ದೇ. ಹಿಂದಿನ ಎರಡು ಕೋಣೆಯ ಸ್ಲ್ಯಾಬ್ ಅದರದ್ದೇ. ಇವತ್ತಿಗೂ ಆ ನೀರಿನಲ್ಲೇ ಮೆಣಸಿನಕಾಯಿ ಬೆಳೆದು ಬ್ಯಾಡಗಿಗೆ ಹಾಕುತ್ತಾರೆ. ಹೋದ ವರ್ಷ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು ಮತ್ತೆ ಬಂತು. ಎಲ್ಲರೂ ಕೇಳಿಸಿಕೊಂಡಿರಿ. ಒಬ್ಬರಾದರೂ ಹಾಗಲ್ಲ ಅನ್ನಬೇಕಿತ್ತು. ತಂಗಿ, ನೀನೂ ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತಿದ್ದೆ. ನನಗೆ ಆ ಮಾತಿಗಿಂತ ಅದೇ ಜಾಸ್ತಿ ನೋವಾಯಿತು. ನನ್ನ ಕಷ್ಟ ಹೇಳಿಕೊಳ್ಳುವುದು ತಪ್ಪಲ್ಲ ಅಂದುಕೊಂಡಿದ್ದೇನೆ. ಅದನ್ನು ಇವತ್ತು ಎಲ್ಲರ ಮುಂದೆ ಹೇಳಿದೆ, ಎದೆ ಹಗುರಾಯಿತು.

ಒಂದು ನಿಮಿಷ ತಡಿ, ಕುಕ್ಕರ್ ಕೂಗುತ್ತಿದೆ.

ಹಾಂ, ಆರಿಸಿದೆ. ಪುಟ್ಟಿ ಭಾಷೆ ಬರುವುದಿಲ್ಲ ಅಂತ ಅಳುತ್ತಿದ್ದಾಳೆ ಅಂದೆಯಲ್ಲ. ಅಳಬೇಡ ಅನ್ನು. ಕಿಟೆಲ್ ಅವರು 1853ರಲ್ಲಿ ಅದೇ ದೇಶದಿಂದ ಈ ಕಡೆ ಬಂದು, ಧಾರವಾಡದಲ್ಲೂ ಇದ್ದು, ಕನ್ನಡ ಕಲಿತು, 1894ರಲ್ಲಿ ನಮಗೇ ನಿಘಂಟು ಮಾಡಿಕೊಟ್ಟರು. ಕೊನೆಗೆ ಅವರು ತೀರಿಕೊಂಡ ಟ್ಯೂಬಿಂಗೆನ್ ಪುಟ್ಟಿ ಹೋಗುವ ಊರಿಗೆ ಹತ್ತಿರವೇ. ಒಂದು ಭಾನುವಾರ ಹೋಗಿ ಬರಲಿ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರೇಷನ್ ಶನಿವಾರವೇ ತಂದಿಟ್ಟುಕೊಳ್ಳಬೇಕು.

ಅಯ್ಯೋ, ನೀನು ಕೇಳಿದ್ದು ಮಾತ್ರೆಯ ವಿಷಯ. ಅದನ್ನು ಬಿಟ್ಟೇಬಿಟ್ಟಿದ್ದೆ. ವರ್ಷದ್ದು ಕಟ್ಟಬೇಡ. ಜರ್ಮನಿಗೆ ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಉಳಿದದ್ದನ್ನು ಆಮೇಲೆ ಕೊರಿಯರ್ ಮಾಡುತ್ತೇನೆ ಅಂತಲೂ ಅನ್ನಬೇಡ. ಹೊರದೇಶದಿಂದ ಅಂಚೆಯಲ್ಲಿ ಔಷಧ ತರಿಸುವುದಕ್ಕೆ ಅಲ್ಲಿ ಬಿಡುವುದಿಲ್ಲ. ಮಾತ್ರೆ ಪಟ್ಟಿ ಬಿಚ್ಚಿ ಡಬ್ಬಿಗೆ ಸುರಿಯಬೇಡ, ಕಂಪನಿಯ ಪ್ಯಾಕೆಟ್‌ನಲ್ಲೇ ಇರಲಿ. ಕೈಬ್ಯಾಗಿನಲ್ಲೇ ಇಡು, ದೊಡ್ಡ ಸೂಟ್‌ಕೇಸ್ ಕಳೆದುಹೋದರೆ ಮಾತ್ರೆಯೂ ಹೋಗುತ್ತದೆ. ಡಾಕ್ಟರ್ ಹತ್ತಿರ ಇಂಗ್ಲಿಷ್‌ನಲ್ಲಿ ಚೀಟಿ ಬರೆಸು. ಬ್ರ್ಯಾಂಡ್ ಹೆಸರು ಅಲ್ಲಿ ಗೊತ್ತಾಗುವುದಿಲ್ಲ, ಔಷಧದ ಮೂಲ ಹೆಸರು ಲೆವೊಥೈರಾಕ್ಸಿನ್ ಅಂತ, ಎಷ್ಟು ಮೈಕ್ರೋಗ್ರಾಂ ಅಂತ ಇರಬೇಕು. ಹೊರಡುವ ಮುಂಚೆ ಒಂದು ಟಿಎಸ್‌ಎಚ್, ಅಂದರೆ ಥೈರಾಯ್ಡ್‌ನ ರಕ್ತ ಪರೀಕ್ಷೆ, ಮಾಡಿಸಿ ರಿಪೋರ್ಟ್ ಜೊತೆಗಿಡು. ಅಲ್ಲಿ ಹೋದ ಮೊದಲ ತಿಂಗಳಲ್ಲೇ ಇನ್ಶೂರೆನ್ಸ್ ತೋರಿಸಿ ಒಬ್ಬ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಲಿ, ಮಾತ್ರೆ ಖಾಲಿಯಾಗುವ ತನಕ ಕಾಯುವುದು ಬೇಡ. ಔಷಧ ಅಂಗಡಿಗೆ ಅಲ್ಲಿ ಅಪೊಥೆಕೆ ಅನ್ನುತ್ತಾರೆ, ಕೆಂಪು ಬಣ್ಣದ ಎ ಅಕ್ಷರ ಇರುತ್ತದೆ. ತನಗೆ ಥೈರಾಯ್ಡ್ ಇದೆ ಅಂತ ತಂಡದಲ್ಲಿ ಒಬ್ಬಳಿಗಾದರೂ ಹೇಳಿರಬೇಕು.

ಮನೆಗೆ ಹೋಗಿ ಇಳಿದ ಎರಡು ವಾರದೊಳಗೆ ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರ ಕಾಗದ ಬೇಕು, ಪಾಸ್‌ಪೋರ್ಟೂ ಬೇಕು. ಆರು ಜನ ಒಂದೇ ಮನೆಯಲ್ಲಿದ್ದರೂ ಪ್ರತಿಯೊಬ್ಬರದ್ದೂ ಬೇರೆ. ಬ್ಯಾಂಕಿಗೂ ಪಾಸ್‌ಪೋರ್ಟ್ ಕೇಳುತ್ತಾರೆ. ಪ್ರತಿ ಸಲ ಆ ಹುಡುಗನ ಕಪಾಟು ತೆಗೆಸುತ್ತಾಳಾ?

ಇನ್ನು ಧಾರವಾಡ ಪೇಡಾ ಎರಡು ಕಿಲೋ ಕಟ್ಟುತ್ತೇನೆ ಅಂದಿದ್ದೀಯ, ತುಪ್ಪದ ಡಬ್ಬಿಯನ್ನೂ ಬರೆದಿದ್ದೀಯ. ಎರಡೂ ಬೇಡ. ಹಾಲಿನ ಪದಾರ್ಥ ಹೊರಗಿನಿಂದ ಅಲ್ಲಿಗೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹಾಕುತ್ತಾರೆ. ಪೇಡಾ ಇಲ್ಲೇ ಹಂಚಿಬಿಡು. ಶೇಂಗಾ ಚಟ್ನಿಪುಡಿ ನಾನು ಕುಟ್ಟಿಸಿಡುತ್ತೇನೆ. ಭಾನುವಾರ ಗದಗದಿಂದ ಬೆಳಗಿನ ಬಸ್ಸಿಗೆ ಕೇಶ್ವಾಪುರಕ್ಕೆ ಬನ್ನಿ. ಪುಟ್ಟಿಯನ್ನೂ ಕರೆದುಕೊಂಡು ಬಾ. ಪಾಸ್‌ಪೋರ್ಟ್ ಇಡುವುದಕ್ಕೆ ಸೊಂಟಕ್ಕೆ ಕಟ್ಟುವ ಬಟ್ಟೆಯ ಚೀಲ ಹೊಲಿದಿಟ್ಟಿದ್ದೇನೆ. ಅಳತೆ ನೋಡಬೇಕು.