ವಯಸ್ಸಾದಂತೆ ಕೆಲವರು ಗಾಂಜಾ ಬಿಡುವುದು ಏಕೆ?

ಪ್ರಶ್ನೆ (ಪಿಯು ಉಪನ್ಯಾಸಕಿ):
ಹದಿಹರೆಯದಲ್ಲಿ ಗಾಂಜಾ ಸೇದುತ್ತಿದ್ದ ಅನೇಕರು ಮೂವತ್ತರ ಹೊತ್ತಿಗೆ ತಾವಾಗಿಯೇ ಬಿಟ್ಟುಬಿಡುತ್ತಾರೆ ಎನ್ನುತ್ತಾರೆ. ಹಾಗೆ ಬಿಡಿಸುವುದು ಕಾನೂನಿನ ಭಯವೋ, ಮದುವೆಯೋ, ಬರಿಯ ವಯಸ್ಸೋ? "ದೊಡ್ಡವನಾದರೆ ಸರಿಹೋಗುತ್ತಾನೆ ಬಿಡಿ" ಎನ್ನುವ ಪೋಷಕರಿಗೆ ಏನು ಹೇಳಬೇಕೆಂಬ ಚಿಂತೆ ನನ್ನನ್ನು ಕಾಡುತ್ತಿದೆ.

ಉತ್ತರ 1:
ಈ ವಿಷಯದಲ್ಲಿ ಅಮೆರಿಕದಲ್ಲಿ ದೀರ್ಘಕಾಲದ ಮಾಹಿತಿ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1975ರಿಂದ ಪ್ರತಿವರ್ಷ ಹೈಸ್ಕೂಲಿನ ಕೊನೆಯ ತರಗತಿಯವರ ಸಮೀಕ್ಷೆ ನಡೆಸುತ್ತ, ಅವರಲ್ಲಿ ಕೆಲವರ ಬದುಕನ್ನು ನಡುವಯಸ್ಸಿನವರೆಗೂ ಗಮನಿಸುತ್ತ ಬಂದಿದ್ದಾರೆ. ಅವರು ಕಂಡಂತೆ, ತಂದೆತಾಯಿಯರ ಮನೆಯಿಂದ ಹೊರಗೆ ಬಂದು ಓದುವಾಗ ಬಳಕೆ ಏರುತ್ತದೆ. ಮದುವೆ ನಿಶ್ಚಯವಾದಾಗಲೇ ಇಳಿಯತೊಡಗಿ, ಮದುವೆಯಾದ ಮೇಲೆ ಮತ್ತು ಮಗುವಿನ ನಿರೀಕ್ಷೆಯಲ್ಲಿರುವಾಗ ಇನ್ನಷ್ಟು ತಗ್ಗುತ್ತದೆ. ವಿಚ್ಛೇದನವಾದವರಲ್ಲಿ ಅದು ಮತ್ತೆ ಏರಿತೆಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ವಯಸ್ಸೊಂದೇ ಕಾರಣವಾಗಿದ್ದರೆ ಹಾಗಾಗಬೇಕಿರಲಿಲ್ಲ.

ಉತ್ತರ 2:
ಮದುವೆಯಾದವರೆಲ್ಲರೂ ಬಿಡುವುದಿಲ್ಲವಲ್ಲ. ನ್ಯೂಯಾರ್ಕ್ ರಾಜ್ಯದ ಯುವಜನರನ್ನು ವರ್ಷಗಟ್ಟಲೆ ಅಭ್ಯಸಿಸಿದ ಡೆನೀಸ್ ಕ್ಯಾಂಡೆಲ್ ಅವರು 1989ರಲ್ಲಿ ಸಹಲೇಖಕಿಯೊಂದಿಗೆ ಪ್ರಕಟಿಸಿದ ಲೇಖನದ ಪ್ರಕಾರ, ಜೊತೆಗಾರರ ಒತ್ತಾಸೆಯಿಂದ ಸೇದುತ್ತಿದ್ದವರು ಬಿಡುವ ಸಾಧ್ಯತೆ ಹೆಚ್ಚು, ಮನಸ್ಸಿನ ತಳಮಳಕ್ಕೆ ಮದ್ದೆಂಬಂತೆ ಸೇದುತ್ತಿದ್ದವರು ಮುಂದುವರಿಸುವ ಸಾಧ್ಯತೆ ಹೆಚ್ಚು. ಕೆಲಸ, ಸಂಸಾರವೆಂದು ಗೆಳೆಯರ ಗುಂಪು ಚದುರಿದಾಗ ಮೊದಲಿನವರಿಗೆ ಸೇದುವ ಸಂದರ್ಭವೇ ಉಳಿಯುವುದಿಲ್ಲ. ಎರಡನೆಯವರ ಆತಂಕ, ನಿದ್ರಾಹೀನತೆಗಳಾದರೋ ಹೊಸ ಮನೆಗೂ ಅವರೊಡನೆಯೇ ಬರುತ್ತವೆ. ಆದ್ದರಿಂದ ನಿಮ್ಮ ವಿದ್ಯಾರ್ಥಿ ಎಷ್ಟು ಸೇದುತ್ತಾನೆ ಎಂಬುದರ ಜೊತೆಗೆ, ಒಬ್ಬನೇ ಕುಳಿತು ಸೇದುತ್ತಾನೆಯೇ ಎಂಬುದನ್ನೂ ದಯವಿಟ್ಟು ಕೇಳಿ.

ಉತ್ತರ 3:
ಇದನ್ನು ಪೋಷಕರಿಗೆ ಖಂಡಿತ ತಿಳಿಸಬೇಕು. ವಯಸ್ಸಿನ ಭರವಸೆ ಅಮೆರಿಕದಲ್ಲೇ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ: ಅದೇ ಮಿಷಿಗನ್ ಅಧ್ಯಯನದ 2022ರ ವರದಿಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಬಳಸಿದ್ದಾಗಿ 19ರಿಂದ 30 ವಯಸ್ಸಿನವರಲ್ಲಿ ಶೇ. 44 ಮಂದಿ, 35ರಿಂದ 50ರವರಲ್ಲಿ ಶೇ. 28 ಮಂದಿ ಹೇಳಿದ್ದರು. ಇನ್ನೊಂದು ಮಾತು. ದಿನವೂ ಸೇದುತ್ತಿದ್ದವನು ನಿಲ್ಲಿಸಿದಾಗ ಮೊದಲ ಒಂದೆರಡು ವಾರ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಹಸಿವು ಕಡಿಮೆಯಾಗುತ್ತದೆ. ಇದು ತಾತ್ಕಾಲಿಕವೆಂದು ಗೊತ್ತಿಲ್ಲದವನು ಗಾಂಜಾ ಇಲ್ಲದೆ ತನ್ನಿಂದ ಬದುಕಲಾಗದೆಂದು ನಂಬಿ ಮತ್ತೆ ಶುರುಮಾಡುತ್ತಾನೆ. ಆ ದಿನಗಳಲ್ಲಿ ಮನೆಯವರು ಬೈಯದೆ ಜೊತೆಗಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.