ಗಾಳಿ ತುಂಬಿದ್ದರಿಂದ ಎದೆ ಹಿಗ್ಗುತ್ತದೆಯೋ, ಎದೆ ಹಿಗ್ಗಿದ್ದರಿಂದ ಗಾಳಿ ತುಂಬುತ್ತದೆಯೋ?

ಪ್ರಶ್ನೆ

ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯ ಬಾಯಿಂದ ಒಳಕ್ಕೆ ಒಂದು ಬಲೂನನ್ನು ಇಳಿಬಿಟ್ಟು, ತಳಕ್ಕೆ ಮತ್ತೊಂದು ಬಲೂನಿನ ತುಂಡನ್ನು ಬಿಗಿಯಾಗಿ ಕಟ್ಟಿ ಮಾಡುವ ಉಸಿರಾಟದ ಮಾದರಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಮಗಳ ಶಾಲೆಯ ಕೆಲಸಕ್ಕೆಂದು ಅದನ್ನು ಮಾಡುತ್ತಿದ್ದಾಗ, ತಳದ ರಬ್ಬರನ್ನು ಕೆಳಕ್ಕೆ ಎಳೆದೊಡನೆ ಒಳಗಿನ ಬಲೂನು ಯಾರೂ ಊದದೆ ಉಬ್ಬಿದ್ದನ್ನು ಕಂಡು ಅವಳಿಗಿಂತ ಹೆಚ್ಚು ಗಲಿಬಿಲಿಗೊಂಡವನು ನಾನು. ಮೂಗಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತೇವೆ, ಅದು ತುಂಬಿದಾಗ ಎದೆ ಉಬ್ಬುತ್ತದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಮಾದರಿಯು ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತಿದೆಯಲ್ಲವೇ? ಬಲೂನಿಗೂ ಬಾಟಲಿಗೂ ನಡುವೆ ಇರುವಷ್ಟು ಖಾಲಿ ಜಾಗ ನಮ್ಮ ಎದೆಯಲ್ಲಿಯೂ ಇದೆಯೇ? ಗಾಳಿಯು ಹೊಟ್ಟೆಗೆ ಹೋಗುವುದಿಲ್ಲವೆಂದಾದರೆ ಉಸಿರೆಳೆದಾಗ ಹೊಟ್ಟೆ ಮುಂದಕ್ಕೆ ಬರುವುದೇಕೆ?

ಉತ್ತರ

ಮಾದರಿ ಹೇಳುತ್ತಿರುವುದೇ ಸರಿ. ಶ್ವಾಸಕೋಶಕ್ಕೆ ತನ್ನನ್ನು ತಾನು ಹಿಗ್ಗಿಸಿಕೊಳ್ಳುವ ಸ್ನಾಯುವೇ ಇಲ್ಲ. ಅದರ ಕೊಳವೆಗಳ ಗೋಡೆಯಲ್ಲಿ ಸ್ನಾಯುವಿದೆ ನಿಜ, ಆದರೆ ಅದಕ್ಕೆ ಗೊತ್ತಿರುವುದು ಕೊಳವೆಯನ್ನು ಕಿರಿದಾಗಿಸುವ ಕೆಲಸ ಮಾತ್ರ. ಉಸಿರೆಳೆಯುವ ದುಡಿಮೆಯೆಲ್ಲ ಶ್ವಾಸಕೋಶದ ಹೊರಗೆ, ಮುಖ್ಯವಾಗಿ ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಕವಿದಿರುವ ವಪೆಯಲ್ಲಿ ನಡೆಯುತ್ತದೆ. ವಪೆ ಬಿಗಿದುಕೊಂಡಾಗ ಗುಮ್ಮಟ ತಗ್ಗುತ್ತದೆ. ಸುಮ್ಮನೆ ಕುಳಿತಿರುವಾಗ ಒಂದೆರಡು ಸೆಂಟಿಮೀಟರ್, ಆಳವಾಗಿ ಉಸಿರೆಳೆದರೆ ಹತ್ತು ಸೆಂಟಿಮೀಟರಿನವರೆಗೂ ಕೆಳಗಿಳಿಯಬಲ್ಲದು. ಅದೇ ಹೊತ್ತಿಗೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಪಕ್ಕೆಲುಬುಗಳನ್ನು ಮೇಲೆತ್ತುತ್ತವೆ. ಎದೆಗೂಡಿನ ಒಳಜಾಗ ಹೆಚ್ಚಿತು, ಒಳಗಿದ್ದ ಗಾಳಿ ಅಷ್ಟೇ ಇದೆ. ಆದ್ದರಿಂದ 1662ರಲ್ಲಿ ರಾಬರ್ಟ್ ಬಾಯ್ಲ್ ತಿಳಿಸಿದ ನಿಯಮದಂತೆ ಒಳಗಿನ ಒತ್ತಡ ಇಳಿಯುತ್ತದೆ ಮತ್ತು ಹೊರಗಿನ ಗಾಳಿ ಒಳಕ್ಕೆ ಹರಿಯುತ್ತದೆ. ಕುಲುಮೆಯ ತಿದಿಯೂ ಹೀಗೆಯೇ: ಅದನ್ನು ಅಗಲಿಸಿದ್ದರಿಂದ ಗಾಳಿ ತುಂಬಿತೇ ಹೊರತು ಗಾಳಿ ತುಂಬಿ ಅದು ಅಗಲವಾದದ್ದಲ್ಲ. 17ನೇ ಶತಮಾನದಲ್ಲಿಯೇ ಜಾನ್ ಮೇಯೊ ಎಂಬ ಇಂಗ್ಲಿಷ್ ವೈದ್ಯರು ತಿದಿಯೊಳಗೆ ಪ್ರಾಣಿಯ ಮೂತ್ರಕೋಶವೊಂದನ್ನು ಅಳವಡಿಸಿ ಇದನ್ನೇ ತೋರಿಸಿದ್ದರು. ನಿಮ್ಮ ಬಾಟಲಿ ಅದರ ಮೊಮ್ಮಗುವೆನ್ನಬಹುದು.

ಇಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಒತ್ತಡದ ವ್ಯತ್ಯಾಸ ಎಷ್ಟು ಸಣ್ಣದು ಎಂಬುದು. ವಾತಾವರಣದ ಒತ್ತಡ ಸುಮಾರು 1,030 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಸಾಮಾನ್ಯ ಉಸಿರಾಟದಲ್ಲಿ ಶ್ವಾಸಕೋಶದೊಳಗಿನ ಒತ್ತಡ ಅದಕ್ಕಿಂತ ಹೆಚ್ಚುಕಡಿಮೆ ಒಂದೇ ಸೆಂಟಿಮೀಟರಿನಷ್ಟು ಇಳಿಯುತ್ತದೆ, ಮತ್ತು ಅಷ್ಟರಲ್ಲಿಯೇ ಅರ್ಧ ಲೀಟರ್ ಗಾಳಿ ಒಳಬಂದಿರುತ್ತದೆ.

ಹೊಟ್ಟೆಯ ವಿಷಯ ಸರಳ. ವಪೆ ಕೆಳಗಿಳಿದಾಗ ಯಕೃತ್ತು, ಜಠರ, ಕರುಳುಗಳು ತಮ್ಮ ಜಾಗ ಬಿಟ್ಟುಕೊಡಬೇಕು. ಅವುಗಳನ್ನು ಅಮುಕಿ ಚಿಕ್ಕದಾಗಿಸಲು ಬರುವುದಿಲ್ಲ, ಬೆನ್ನಿನ ಕಡೆ ಮೂಳೆಯಿದೆ, ಆದ್ದರಿಂದ ಸಡಿಲವಾದ ಮುಂಗೋಡೆಯೇ ಮುಂದಕ್ಕೆ ಬರುತ್ತದೆ.

ಇನ್ನೊಂದು ಉತ್ತರ

ಖಾಲಿ ಜಾಗದ ಪ್ರಶ್ನೆಗೆ ಸ್ವಂತ ಅನುಭವದಿಂದ ಉತ್ತರಿಸಬಲ್ಲೆ. ಆರೋಗ್ಯವಂತರ ಎದೆಯಲ್ಲಿ ಅಂತಹ ಜಾಗವಿಲ್ಲ. ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಮೈಗೊಂದು ತೆಳುವಾದ ಪೊರೆ ಅಂಟಿಕೊಂಡಿದ್ದು, ಅವೆರಡರ ನಡುವೆ ಇರುವುದು ಕೆಲವೇ ಮಿಲಿಲೀಟರ್ ದ್ರವ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟರೆ ಜಾರಿಸಬಹುದು, ಆದರೆ ಎತ್ತಿ ಬೇರ್ಪಡಿಸುವುದು ಕಷ್ಟ, ಇಲ್ಲಿಯೂ ಹಾಗೆಯೇ. ಶ್ವಾಸಕೋಶ ಸದಾ ಒಳಕ್ಕೆ ಕುಗ್ಗಲು, ಎದೆಗೂಡು ಹೊರಕ್ಕೆ ಚಿಮ್ಮಲು ಎಳೆದಾಡುತ್ತಿರುವುದರಿಂದ ಆ ನಡುವಿನ ಒತ್ತಡ ವಾತಾವರಣಕ್ಕಿಂತ ಸುಮಾರು ಐದು ಸೆಂಟಿಮೀಟರ್ ನೀರಿನಷ್ಟು ಕಡಿಮೆಯೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಎಡ ಶ್ವಾಸಕೋಶದ ಮೇಲಿನ ಸಣ್ಣ ಗುಳ್ಳೆಯೊಂದು ಒಡೆದು, ಈ ಪೊರೆಗಳ ನಡುವೆ ಗಾಳಿ ಸೇರಿತು. ಎಕ್ಸ್‌ರೇಯಲ್ಲಿ ನೋಡಿದರೆ ಪಕ್ಕೆಲುಬುಗಳೆಲ್ಲ ಇದ್ದಲ್ಲಿಯೇ ಇವೆ, ಶ್ವಾಸಕೋಶ ಮಾತ್ರ ಹಿಂಡಿದ ಬಟ್ಟೆಯಂತೆ ಮಧ್ಯಕ್ಕೆ ಸರಿದು ಮುದುಡಿದೆ. ಪಕ್ಕೆಲುಬುಗಳ ನಡುವೆ ನಳಿಕೆ ತೂರಿಸಿ, ಅದರ ಇನ್ನೊಂದು ತುದಿಯನ್ನು ಹಾಸಿಗೆಯ ಕೆಳಗಿಟ್ಟ ಬಾಟಲಿಯ ನೀರಿನಲ್ಲಿ ಮುಳುಗಿಸಿದ್ದರು. ಬೇರೇನೂ ಕೆಲಸವಿಲ್ಲದೆ ಅದನ್ನೇ ನೋಡುತ್ತಿದ್ದೆ: ಉಸಿರೆಳೆದಾಗಲೆಲ್ಲ ನಳಿಕೆಯೊಳಗಿನ ನೀರು ಮೇಲಕ್ಕೇರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು, ಕೆಮ್ಮಿದರೆ ಗುಳುಗುಳು ಎಂದು ಗುಳ್ಳೆಗಳು ಹೊರಬರುತ್ತಿದ್ದವು. ಎದೆಯೊಳಗೆ ಒತ್ತಡ ಇಳಿಯುತ್ತದೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಕಲಿಸಿಲ್ಲ, ಹಾಗೆಂದು ಈ ಪ್ರಯೋಗವನ್ನು ಯಾರಿಗೂ ಹಾರೈಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಒಂದು ಅನುಮಾನ ಉಳಿದಿದೆ. ಹೊರಗಿನ ಗಾಳಿ ತಾನಾಗಿ ಒಳಹರಿಯುತ್ತದೆಂದಾದರೆ, ಉದ್ದನೆಯ ಕೊಳವೆಯೊಂದನ್ನು ಬಾಯಿಗಿಟ್ಟುಕೊಂಡು ನೀರಿನ ಆಳದಲ್ಲಿ ಆರಾಮವಾಗಿ ಉಸಿರಾಡಲು ಏಕಾಗುವುದಿಲ್ಲ? ಉಸಿರು ಬಿಡುವಾಗ ಯಾವ ಸ್ನಾಯು ದುಡಿಯುತ್ತದೆ?

ಉತ್ತರ

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ವಿಶ್ರಾಂತಿಯಲ್ಲಿರುವಾಗ ಉಸಿರು ಬಿಡಲು ಯಾವ ಸ್ನಾಯುವೂ ದುಡಿಯಬೇಕಾಗಿಲ್ಲ. ಎಳೆದ ರಬ್ಬರು ಹಿಂದಿರುಗುವಂತೆ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಈ ಕುಗ್ಗುವಿಕೆಗೆ ಅದರ ಹಿಗ್ಗುವ ನಾರುಗಳಷ್ಟೇ ಅಲ್ಲ, ಕೋಟ್ಯಂತರ ಗಾಳಿಗೂಡುಗಳ ಒಳಮೈಯನ್ನು ತೇವವಾಗಿಟ್ಟಿರುವ ನೀರಿನ ಮೇಲ್ಮೈ ಸೆಳೆತವೂ ಕಾರಣ. ಆ ಸೆಳೆತ ಮಿತಿಮೀರದಂತೆ ಸೋಪಿನ ಗುಣವುಳ್ಳ ಸರ್ಫ್ಯಾಕ್ಟೆಂಟ್ ಎಂಬ ವಸ್ತು ತಡೆಯುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಕೆಲವು ಶಿಶುಗಳು ಪ್ರತಿ ಉಸಿರಿಗೂ ಒದ್ದಾಡುವುದು ಅದರ ಕೊರತೆಯಿಂದ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. ಕೆಮ್ಮುವಾಗ, ಓಡುವಾಗ, ದೀಪ ಊದುವಾಗ ಮಾತ್ರ ಹೊಟ್ಟೆಯ ಸ್ನಾಯುಗಳು ಕೆಲಸಕ್ಕಿಳಿಯುತ್ತವೆ.

ಇನ್ನು ಕೊಳವೆ. ನೀರಿನಲ್ಲಿ ಒಂದು ಮೀಟರ್ ಆಳದಲ್ಲಿದ್ದರೆ ನಿಮ್ಮ ಎದೆಯನ್ನು 100 ಸೆಂಟಿಮೀಟರ್ ನೀರು ಹೊರಗಿನಿಂದ ಅದುಮುತ್ತಿರುತ್ತದೆ, ಆದರೆ ಕೊಳವೆಯ ಮೂಲಕ ಶ್ವಾಸಕೋಶವನ್ನು ಮುಟ್ಟುವ ಗಾಳಿಯ ಒತ್ತಡ ದಡದ ಮೇಲಿನಷ್ಟೇ. ಆರೋಗ್ಯವಂತ ವಯಸ್ಕರು ಇದ್ದಬದ್ದ ಬಲವನ್ನೆಲ್ಲ ಹಾಕಿ ಎಳೆದರೂ ಉಂಟುಮಾಡಬಲ್ಲ ಒತ್ತಡದ ಇಳಿಕೆ ಸುಮಾರು 100 ಸೆಂಟಿಮೀಟರ್. ಅಂದರೆ ಬಲವೆಲ್ಲ ನೀರಿನೊಡನೆ ಸಮಬಲ ಸಾಧಿಸುವುದಕ್ಕೇ ಮುಗಿದು, ಗಾಳಿ ಎಳೆಯಲು ಏನೂ ಉಳಿಯುವುದಿಲ್ಲ. ಅದಲ್ಲದೆ, ಪ್ರತಿ ಉಸಿರಿನ 500 ಮಿಲಿಲೀಟರಿನಲ್ಲಿ ಸುಮಾರು 150 ಮಿಲಿಲೀಟರ್ ಮೂಗು ಮತ್ತು ಶ್ವಾಸನಾಳಗಳಲ್ಲಿಯೇ ಉಳಿದು ಗಾಳಿಗೂಡುಗಳನ್ನು ತಲುಪದೆ ಹಿಂದಿರುಗುತ್ತದೆ. ಕೊಳವೆ ಉದ್ದವಾದಷ್ಟೂ ಈ ನಷ್ಟ ಹೆಚ್ಚಿ, ನೀವೇ ಬಿಟ್ಟ ಹಳೆಯ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿರುತ್ತೀರಿ. ದಯವಿಟ್ಟು ಮಗಳಿಗೂ ಇದನ್ನು ತಿಳಿಸಿ.

ಪ್ರಶ್ನೆ ಕೇಳಿದವರಿಂದ

ತಿಳಿಸಿದೆ. ಪೊರೆಗಳ ನಡುವೆ ದ್ರವವಿದೆಯೆಂದು ಓದಿದ ಮೇಲೆ ಬಾಟಲಿಯ ಖಾಲಿ ಜಾಗಕ್ಕೆ ನೀರು ತುಂಬಿ ನೋಡಿದೆವು. ಮೊದಲಾದರೆ ರಬ್ಬರನ್ನು ಸಾಕಷ್ಟು ಎಳೆದ ಮೇಲೆ ಬಲೂನು ಅಲುಗುತ್ತಿತ್ತು. ಈಗ ಬೆರಳಿನಿಂದ ಸ್ವಲ್ಪ ಎಳೆದರೂ ಕೂಡಲೇ ಉಬ್ಬುತ್ತದೆ. ನೀರಿನ ಭಾರಕ್ಕೆ ತಳದ ರಬ್ಬರು ಜೋತುಬಿದ್ದಿರುವುದರಿಂದ, ಕೈಬಿಟ್ಟಾಗಲೂ ಬಲೂನು ಪೂರ್ತಿ ಮುದುಡದೆ ಅರೆತೆರೆದೇ ಇರುತ್ತದೆ.